ನೀರ್ ಎಲ್ಲಿ ಹಾಕೂದು?

"ಇದಕ್ಕ ಕೂಲರ್ ಅಂತೀಯಲ್ಲೋ, ನೀರ್ ಎಲ್ಲಿ ಹಾಕೂದು?"

ಕಾಕಾ ಹೀಗೆ ಕೇಳಿದಾಗ ನಾನು ಕಲಬುರಗಿಯ ಅವರ ಮನೆಯ ಪಡಸಾಲೆಯಲ್ಲಿ, ಶಹಾಬಾದ್ ಕಲ್ಲಿನ ನೆಲದ ಮೇಲೆ, ಬಾಗಿಲು ಬಿಚ್ಚಿಟ್ಟ ಕಂಪ್ಯೂಟರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಕೈಯಲ್ಲಿ ಪ್ರೊಸೆಸರನ್ನು ತಣ್ಣಗಿಡುವ, ಹತ್ತಿರ ಹತ್ತಿರ ಒಂದು ಕಿಲೋ ತೂಗುವ ಲೋಹದ ಗಂಟು: ಅಲ್ಯೂಮಿನಿಯಂ ತಗಡುಗಳ ಎರಡು ಗೋಪುರ, ಅವುಗಳ ನಡುವೆ ಹಾದು ಬುಡದಲ್ಲಿ ಒಂದಾಗುವ ಆರು ತಾಮ್ರದ ಕೊಳವೆ, ಎರಡು ಫ್ಯಾನು. ಆ ಊರಲ್ಲಿ ಕೂಲರ್ ಎಂದರೆ ಒಂದೇ. ಕಿಟಕಿಗೆ ಆನಿಸಿಟ್ಟ ತಗಡಿನ ಪೆಟ್ಟಿಗೆ, ಮೂರು ಮಗ್ಗುಲಿಗೆ ಹುಲ್ಲಿನ ಪ್ಯಾಡು, ತಳದಲ್ಲಿ ಕೊಡಗಟ್ಟಲೆ ನೀರು. ಮಾರ್ಚಿನಲ್ಲಿ ಅಟ್ಟದಿಂದ ಇಳಿಯಿತೆಂದರೆ ಮಳೆ ಬೀಳುವ ತನಕ ಮನೆಯಲ್ಲಿ ಅದರದೇ ಸದ್ದು. ಅಂಥ ಮನೆಯಲ್ಲಿ ನೀರು ಕೇಳದ ವಸ್ತುವನ್ನು ಕೂಲರ್ ಎಂದರೆ ಕಾಕಾ ಒಪ್ಪುವುದಾದರೂ ಹೇಗೆ?

"ಇದ್ರಾಗ ನೀರ್ ಮೊದ್ಲೇ ಹಾಕಿ ಮುಚ್ಚಿರ್ತಾರ ಕಾಕಾ," ಎಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ನಕ್ಕು ಒಳಗೆ ಹೋದರು. ನಾನು ನಿಜವನ್ನೇ ಹೇಳಿದ್ದೆ.

ಕಾಕಾನ ಮಗ, ನನ್ನ ತಮ್ಮ, ಲಗ್ನದ ವಿಡಿಯೊ ಎಡಿಟ್ ಮಾಡುತ್ತಾನೆ. ಸುತ್ತಲಿನ ತಾಲ್ಲೂಕುಗಳ ಫೋಟೊಗ್ರಾಫರುಗಳು ಹಾರ್ಡ್ ಡಿಸ್ಕ್ ತಂದುಕೊಟ್ಟು ಹೋಗುತ್ತಾರೆ, ಇವನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಕೊಡುತ್ತಾನೆ. ನಮ್ಮ ಕಡೆ ಲಗ್ನಗಳ ಭರಾಟೆ ಚೈತ್ರ ವೈಶಾಖದಲ್ಲಿ, ಅಂದರೆ ಏಪ್ರಿಲ್ ಮೇ ತಿಂಗಳಲ್ಲಿ. ಬಿಸಿಲು 40 ದಾಟುವುದೂ ಆಗಲೇ. ಪ್ರೊಸೆಸರ್ ಗಂಟೆಗಟ್ಟಲೆ ಎಲ್ಲ ಕೋರ್‌ಗಳನ್ನೂ ದುಡಿಸಬೇಕಾದ ಕಾಲ ಮತ್ತು ಊರು ಕಾದ ಹಂಚಾಗುವ ಕಾಲ ಎರಡೂ ಒಂದೇ ಆಗಿರುವ ಕಸುಬು. ಹೋದ ವೈಶಾಖದಲ್ಲಿ ಅವನ ಹಳೇ ಕಂಪ್ಯೂಟರ್ ರೆಂಡರ್ ನಡುವೆಯೇ, ಅಂದರೆ ಜೋಡಿಸಿದ ತುಣುಕುಗಳಿಂದ ಪೂರ್ತಿ ವಿಡಿಯೊ ತಯಾರಾಗುತ್ತಿರುವಾಗಲೇ, ಆರಿ ಹೋಗುತ್ತಿತ್ತು. ಬಾಗಿಲು ತೆಗೆದು ಟೇಬಲ್ ಫ್ಯಾನ್ ಹಚ್ಚಿ ಹೇಗೋ ಸೀಸನ್ ದಾಟಿಸಿದ್ದ.

ಹೊಸದನ್ನು ಕಟ್ಟಿಕೊಡುವ ಕೆಲಸ ಬೆಂಗಳೂರಿನಲ್ಲಿರುವ ನನ್ನ ತಲೆಗೆ ಬಂತು. ಪ್ರೊಸೆಸರ್ ರೈಜೆನ್ 9 7900ಎಕ್ಸ್ ಎಂದು ಅವನೇ ಗೊತ್ತು ಮಾಡಿದ್ದ. ಹನ್ನೆರಡು ಕೋರು, ಎಲ್ಲೋ ಕಡಿಮೆಗೆ ಸಿಕ್ಕಿತ್ತು. ಅದರ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ. ಹಾಗಾಗಿ ಯಾವ ಕೂಲರ್, ಗಾಳಿಯದೋ ನೀರಿನದೋ ಅನ್ನುವುದೊಂದು ನನಗೆ ಉಳಿಯಿತು.

ಎಸ್‌ಪಿ ರೋಡಿನ ಅಂಗಡಿಯಲ್ಲಿ ಉತ್ತರ ಸಿದ್ಧವಾಗಿತ್ತು. "ಸಾರ್, ಈ ಪ್ರೊಸೆಸರ್‌ಗೆ ಲಿಕ್ವಿಡ್ಡೇ ಹಾಕ್ಬೇಕು. ಏರ್ ಕೂಲರ್ ಎಲ್ಲಾ ಹಳೇ ಕಾಲದ್ದು." ಹೇಳುತ್ತ ಹುಡುಗ ಶೋಕೇಸಿನ ಗುಂಡಿ ಒತ್ತಿದ. ಗಾಜಿನ ಬಾಗಿಲ ಹಿಂದೆ ಮೂರು ಫ್ಯಾನು ಜಾತ್ರೆಯ ತೊಟ್ಟಿಲಿನ ಹಾಗೆ ಬಣ್ಣ ಬಣ್ಣವಾಗಿ ತಿರುಗಿದವು. ಚೆಂದ ಇತ್ತು, ಇಲ್ಲ ಅನ್ನುವುದಿಲ್ಲ. ಪ್ರೊಸೆಸರಿನ ಶಾಖವನ್ನು ಪಂಪಿನಿಂದ ಹರಿಯುವ ನೀರು ತಗಡುಗಳ ರೇಡಿಯೇಟರಿಗೆ ಒಯ್ಯುವ ಕೂಲರ್ ಅದು. 360 ಮಿ.ಮೀ. ರೇಡಿಯೇಟರಿನ ಆ ಲಿಕ್ವಿಡ್ ಕೂಲರಿಗೆ ₹11,500. ಮೂಲೆಯಲ್ಲಿ ಬಣ್ಣವಿಲ್ಲದೆ ನಿಂತಿದ್ದ ಜೋಡಿ ಗೋಪುರಕ್ಕೆ ₹3,900.

ಹಳೇ ಕಾಲದ್ದು ಅನ್ನುವ ಮಾತಿಗೆ ಅಲ್ಲೇ ಜಗಳ ತೆಗೆಯಬೇಕು ಅನ್ನಿಸಿತ್ತು, ಸಂಜೆಯ ರಶ್ಶಿನಲ್ಲಿ ಬೇಡ ಎಂದು ಬಿಟ್ಟೆ. ದೊಡ್ಡ ಕಂಪ್ಯೂಟರುಗಳಿಗೆ ನೀರು ಹರಿಸಿದ್ದು 1960ರ ದಶಕದಲ್ಲೇ, ಐಬಿಎಂ ಯಂತ್ರಗಳಲ್ಲಿ. 1985ರ ಕ್ರೇ-2 ಅಂತೂ ಸರ್ಕ್ಯೂಟುಗಳನ್ನೇ ವಿದ್ಯುತ್ ಹರಿಯದ ಒಂದು ದ್ರವದಲ್ಲಿ ಮುಳುಗಿಸಿಟ್ಟಿತ್ತು. ಆ ಗೋಪುರದೊಳಗಿನ ತಾಮ್ರದ ಕೊಳವೆ ಇದೆಯಲ್ಲ, ಹೀಟ್‌ಪೈಪ್, ಅದರ ಪೇಟೆಂಟು ಜನರಲ್ ಮೋಟರ್ಸ್‌ನ ಎಂಜಿನಿಯರೊಬ್ಬರ ಹೆಸರಿನಲ್ಲಿ ಬಂದದ್ದು 1944ರಲ್ಲಿ. ಯಾರೂ ಕಣ್ಣೆತ್ತಿ ನೋಡಲಿಲ್ಲ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಸ್ವತಂತ್ರವಾಗಿ ಅದನ್ನೇ ಮಾಡಿ ತೋರಿಸಿ, ಹೀಟ್‌ಪೈಪ್ ಎಂದು ಹೆಸರಿಟ್ಟರು. ವಯಸ್ಸು ಲೆಕ್ಕ ಹಾಕಿದರೆ ಗೋಪುರ, ಲಿಕ್ವಿಡ್ ಎರಡೂ ಹಿರಿಯವೇ.

ಅಂಗಡಿ ಹುಡುಗನ ಮಾತಿಗೆ ನಾನು ತಕ್ಷಣ ಬಾಗದೆ ಇದ್ದದ್ದಕ್ಕೆ ಬೇರೆ ಕಾರಣ. ಆ ಬಣ್ಣಕ್ಕೆ ಒಮ್ಮೆ ಮರುಳಾದವನು ನಾನು. ಬೆಂಗಳೂರಿನ ನನ್ನ ಸ್ವಂತ ಕಂಪ್ಯೂಟರಿಗೆ 240 ಮಿ.ಮೀ.ನ ಲಿಕ್ವಿಡ್ ಕೂಲರ್ ಹಾಕಿಸಿದ್ದೆ. ಮೊದಲ ಎರಡು ವರ್ಷ ಏನೂ ತಕರಾರಿಲ್ಲ. ಮೂರನೇ ವರ್ಷ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದ ಕೂಡಲೇ ಗುಳುಗುಳು ಅನ್ನತೊಡಗಿತು, ಹಸಿದ ಹೊಟ್ಟೆಯ ಹಾಗೆ. ಐದು ನಿಮಿಷಕ್ಕೆ ನಿಲ್ಲುತ್ತಿತ್ತು, ನಾನೂ ಮರೆಯುತ್ತಿದ್ದೆ. ನಾಲ್ಕನೇ ವರ್ಷ ಒಂದು ಸಂಜೆ, ಬ್ರೌಸರ್ ಬಿಟ್ಟು ಬೇರೇನೂ ತೆರೆದಿರಲಿಲ್ಲ, ಪ್ರೊಸೆಸರ್ 90 ಡಿಗ್ರಿ ತೋರಿಸಿತು. ಬಾಗಿಲು ತೆಗೆದು ಬೆರಳಿಟ್ಟೆ. ಪ್ರೊಸೆಸರ್ ಮೇಲೆ ಕೂತ, ಪಂಪೂ ಒಳಗಿದ್ದ ಬ್ಲಾಕು ಮುಟ್ಟಿದರೆ ಸುಡು, ರೇಡಿಯೇಟರು ತಣ್ಣಗೆ. ಫ್ಯಾನುಗಳು ಮಾತ್ರ ಆ ತಣ್ಣನೆಯ ರೇಡಿಯೇಟರಿಗೆ ಪ್ರಾಮಾಣಿಕವಾಗಿ ಗಾಳಿ ಹಾಕುತ್ತಿದ್ದವು. ಪಂಪು ಸತ್ತಿತ್ತು.

ವಾರಂಟಿ ಇತ್ತು. ಕಂಪನಿ ತಕರಾರಿಲ್ಲದೆ ಹೊಸದನ್ನೇ ಕೊಟ್ಟಿತು, 26 ದಿನಗಳ ಮೇಲೆ. ಅಷ್ಟು ದಿನ ಗೆಳೆಯನೊಬ್ಬನ ಅಟ್ಟದಲ್ಲಿದ್ದ, ಪ್ರೊಸೆಸರ್ ಜೊತೆ ಪುಕ್ಕಟೆ ಬರುವ ಪುಟ್ಟ ಕೂಲರಿನಲ್ಲಿ ದಿನ ದೂಡಿದೆ.

ಆಮೇಲೆ ಓದಿಕೊಂಡಾಗ ತಪ್ಪಿನಲ್ಲಿ ನನ್ನ ಪಾಲೂ ಇತ್ತು ಅಂತ ತಿಳಿಯಿತು. ರಬ್ಬರಿನ ನಳಿಕೆಯ ಗೋಡೆಯ ಮೂಲಕ ವರ್ಷಗಳಲ್ಲಿ ನೀರು ಆವಿಯಾಗಿ ಸ್ವಲ್ಪ ಸ್ವಲ್ಪವೇ ಹೊರಹೋಗುತ್ತದೆ, ಹನಿಯೂ ಕಾಣದ ಹಾಗೆ. ಒಳಗೆ ಖಾಲಿಯಾದ ಜಾಗದಲ್ಲಿ ಗಾಳಿ ಸೇರಿಕೊಂಡು ಎತ್ತರದ ಜಾಗ ಹುಡುಕಿಕೊಂಡು ಹೋಗುತ್ತದೆ. ರೇಡಿಯೇಟರ್ ಮೇಲಿದ್ದರೆ ಅದರ ನೆತ್ತಿಯಲ್ಲಿ ಗುಳ್ಳೆ ನಿಲ್ಲುತ್ತದೆ, ಯಾರಿಗೂ ತೊಂದರೆಯಿಲ್ಲ. ನಾನು ಪೆಟ್ಟಿಗೆಯಲ್ಲಿ ಜಾಗ ಸಾಲದೆ ರೇಡಿಯೇಟರನ್ನು ತಳಕ್ಕೆ ಹಾಕಿಸಿದ್ದೆ. ಇಡೀ ವ್ಯವಸ್ಥೆಯಲ್ಲಿ ಎತ್ತರದ ಜಾಗ ಪಂಪೇ ಆಗಿತ್ತು. ಮುಂಜಾನೆಯ ಗುಳುಗುಳು ಅಂದರೆ ಪಂಪು ಗಾಳಿ ಕುಡಿಯುತ್ತಿದ್ದ ಸದ್ದು. ಲಿಕ್ವಿಡ್ ಅಂದ ಕೂಡಲೇ ಜನ ಸೋರಿಕೆಗೆ ಹೆದರುತ್ತಾರೆ. ಸೋರುವುದು ಅಪರೂಪ. ಹೀಗೆ ಸದ್ದಿಲ್ಲದೆ ಆರುವುದು, ಪಂಪು ಸವೆಯುವುದು, ಇವೆರಡು ಮಾತ್ರ ಇವತ್ತಲ್ಲ ನಾಳೆ ಇದ್ದದ್ದೇ.

ಇನ್ನು ಕಾಕಾನ ಪ್ರಶ್ನೆಗೆ ಬರುತ್ತೇನೆ. ಗೋಪುರದಲ್ಲಿ ನೀರು ಎಲ್ಲಿದೆ?

ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಅದರ ಒಳಮೈ ತುಂಬ ಹನಿ ಇರುತ್ತದಲ್ಲ, ಅದೇ. ತಳದ ನೀರು ಬೆಂಕಿಯ ಶಾಖ ಹೊತ್ತು ಆವಿಯಾಗಿ ಏರಿತು, ತಣ್ಣನೆಯ ಮುಚ್ಚಳಕ್ಕೆ ತಾಗಿ ಶಾಖ ಅಲ್ಲಿ ಇಳಿಸಿ ಮತ್ತೆ ನೀರಾಯಿತು, ತೊಟ್ಟಿಕ್ಕಿತು. ಹೀಟ್‌ಪೈಪ್ ಎಂದರೆ ಎರಡೂ ತುದಿ ಮುಚ್ಚಿದ, ಗಾಳಿ ಹೀರಿ ತೆಗೆದ, ಒಂದಿಷ್ಟೇ ನೀರು ಉಳಿಸಿದ ತಾಮ್ರದ ಕೊಳವೆ. ಒಳಗೆ ಒತ್ತಡ ಕಡಿಮೆಯಿರುವುದರಿಂದ ನೀರು ಕುದಿಯಲು 100 ಡಿಗ್ರಿ ಬೇಕಿಲ್ಲ, ಪ್ರೊಸೆಸರಿನ ಬಿಸಿಯೇ ಸಾಕು. ಆವಿ ಮೇಲಿನ ತಗಡುಗಳ ಕಡೆ ಓಡುತ್ತದೆ, ಅಲ್ಲಿ ಫ್ಯಾನಿನ ಗಾಳಿಗೆ ಶಾಖ ಕೊಟ್ಟು ನೀರಾಗುತ್ತದೆ. ವಾಪಸ್ ಬರುವುದು ಹೇಗೆ? ಕೊಳವೆಯ ಒಳಗೋಡೆಗೆ ತಾಮ್ರದ ಪುಡಿ ಬೆಸೆದ ಪದರವಿರುತ್ತದೆ. ದೀಪದ ಬತ್ತಿ ಎಣ್ಣೆ ಎಳೆದುಕೊಂಡ ಹಾಗೆ ಅದು ನೀರನ್ನು ಎಳೆದು ತರುತ್ತದೆ. ಪಂಪಿಲ್ಲ, ಮೋಟರಿಲ್ಲ.

ಇದರ ಲೆಕ್ಕ ಹಾಕಿದ ದಿನ ನನಗೆ ನಂಬಿಕೆ ಬರಲಿಲ್ಲ, ಎರಡು ಸಲ ಹಾಕಿದೆ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.2 ಜೂಲ್ ಸಾಕು. ಅದೇ ಒಂದು ಗ್ರಾಂ ಆವಿಯಾಗಲು 2,200 ಜೂಲಿಗೂ ಮೇಲೆ ಬೇಕು. ಹಾಗಾಗಿ ಈ ಪ್ರೊಸೆಸರಿಗೆ ನಾನು ಕೊನೆಗೆ ಇಟ್ಟ ಮಿತಿಯಾದ 142 ವಾಟ್ ಶಾಖ ಸಾಗಿಸಲು ಸೆಕೆಂಡಿಗೆ ಸುಮಾರು 0.06 ಗ್ರಾಂ ನೀರು ಆವಿಯಾದರೆ ಆಯಿತು. ಹೆಚ್ಚು ಕಡಿಮೆ ಒಂದು ಹನಿ. ಆರು ಕೊಳವೆಗೂ ಸೇರಿ, ಸೆಕೆಂಡಿಗೆ ಒಂದು ಹನಿ.

ಲಿಕ್ವಿಡ್ ಕೂಲರಿನ ದಾರಿ ಬೇರೆ. ಅಲ್ಲಿ ನೀರು ಕುದಿಯುವುದಿಲ್ಲ, ಸುಮ್ಮನೆ ಹೊತ್ತುಕೊಂಡು ಓಡಾಡುತ್ತದೆ. ಪಂಪು ನಿಮಿಷಕ್ಕೆ ಒಂದು ಲೀಟರ್ ಹರಿಸುತ್ತದೆ ಎಂದಿಟ್ಟುಕೊಂಡರೆ, ಅದೇ 142 ವಾಟ್ ಹೊತ್ತ ನೀರು ಬ್ಲಾಕಿನಿಂದ ಹೊರಬರುವಾಗ ಬರೀ ಎರಡು ಡಿಗ್ರಿ ಬಿಸಿಯಾಗಿರುತ್ತದೆ. ಆ ನೀರು ರೇಡಿಯೇಟರಿಗೆ ಹೋಗಿ, ತಗಡುಗಳಿಗೆ ಶಾಖ ಕೊಟ್ಟು, ಫ್ಯಾನು ಅದನ್ನು ಕೋಣೆಗೆ ಊದುತ್ತದೆ. ಏರ್ ಕೂಲರ್ ಅನ್ನುವುದರೊಳಗೆ ನೀರಿದೆ, ಲಿಕ್ವಿಡ್ ಕೂಲರ್ ಅನ್ನುವುದು ಕೊನೆಗೆ ನಂಬಿರುವುದು ಗಾಳಿಯನ್ನೇ. ಅಂಗಡಿಯ ಬೋರ್ಡಿನಲ್ಲಿ ಇವೆರಡೂ ಎರಡು ಜಾತಿ.

ಹಾಗಂತ ಲಿಕ್ವಿಡ್ಡನ್ನು ಹಳಿಯಲು ಕೂತಿಲ್ಲ. ಅದರ ದೊಡ್ಡ ಅನುಕೂಲ, ಶಾಖವನ್ನು ಇಕ್ಕಟ್ಟಿನ ಜಾಗದಿಂದ ಪೆಟ್ಟಿಗೆಯ ಅಂಚಿಗೆ ಒಯ್ದು ಮೂರು ಫ್ಯಾನಿನಗಲ ಹರಡುತ್ತದೆ. ಇಂಟೆಲ್‌ನ ಐ9-14900ಕೆ ಥರದ್ದು 253 ವಾಟ್ ಎಳೆದುಕೊಂಡು ಗಂಟೆಗಟ್ಟಲೆ ದುಡಿಯಬೇಕಾದರೆ ನಾನೂ 360 ಮಿ.ಮೀ.ನದ್ದನ್ನೇ ಹಾಕಿಸುತ್ತೇನೆ. ನೀರಿಗೆ ಬಿಸಿಯಾಗಲು ಹೊತ್ತು ಹಿಡಿಯುವುದರಿಂದ, ಹತ್ತು ಸೆಕೆಂಡು ದುಡಿದು ಸುಮ್ಮನಾಗುವ ಕೆಲಸಗಳಲ್ಲಿ ಫ್ಯಾನು ಪದೇ ಪದೇ ಎಗರಾಡುವುದಿಲ್ಲ. ಫೋಟೊ ತಿದ್ದುವವರಿಗೆ, ಕೋಡ್ ಬರೆಯುವವರಿಗೆ ಆ ಶಾಂತಿ ದೊಡ್ಡದು. ಆದರೆ ಒಂದು ಗಂಟೆಯ ರೆಂಡರಿನಲ್ಲಿ ಆ ಸಾಲ ಮೊದಲ ಕೆಲವು ನಿಮಿಷಕ್ಕೇ ತೀರುತ್ತದೆ. ನೀರು ಒಮ್ಮೆ ಬಿಸಿಯಾಯಿತೆಂದರೆ ಆಮೇಲೆ ರೇಡಿಯೇಟರಿನ ಅಳತೆ, ಕೋಣೆಯ ಗಾಳಿ, ಅಷ್ಟೇ ಲೆಕ್ಕಕ್ಕೆ.

ಕೋಣೆಯ ಗಾಳಿಯ ಮಾತು ವೆಬ್‌ಸೈಟುಗಳ ಪಟ್ಟಿಗಳಲ್ಲಿ ಬರುವುದೇ ಇಲ್ಲ. ಅಲ್ಲಿನ ಪರೀಕ್ಷೆಗಳೆಲ್ಲ ಇಪ್ಪತ್ತು ಚಿಲ್ಲರೆ ಡಿಗ್ರಿಯ ತಣ್ಣನೆಯ ಕೋಣೆಯಲ್ಲಿ ಆಗಿರುತ್ತವೆ. ಶಾಖ ಹರಿಯುವುದು ಇಳಿಜಾರಿನಲ್ಲಿ, ನೀರಿನ ಹಾಗೇ. ಈ ಪ್ರೊಸೆಸರಿನ ಮಿತಿ 95 ಡಿಗ್ರಿ. ಬೆಂಗಳೂರಿನ ನನ್ನ ಕೋಣೆಯ 25ರಲ್ಲಿ 70 ಡಿಗ್ರಿಯ ಇಳಿಜಾರು ಸಿಗುತ್ತದೆ. ಕಲಬುರಗಿಯ 40ರಲ್ಲಿ ಸಿಗುವುದು 55. ಗಾಳಿ ಹಾಕಿ, ನೀರು ಹಾಕಿ, ಆ ಹದಿನೈದು ಡಿಗ್ರಿ ಎರಡಕ್ಕೂ ಒಂದೇ ಥರ ನಷ್ಟ.

ಇಳಿಜಾರು ಕಡಿಮೆಯಾದರೆ ಹರಿಯುವುದನ್ನು ಕಡಿಮೆ ಮಾಡಬೇಕು. ಡಬ್ಬಿಯ ಮೇಲೆ 170 ವಾಟ್ ಎಂದಿದ್ದರೂ ಈ ಪ್ರೊಸೆಸರಿಗೆ 230 ವಾಟ್ ತನಕ ಎಳೆಯಲು ಕಾರ್ಖಾನೆಯಲ್ಲೇ ಪರವಾನಗಿ ಕೊಟ್ಟಿರುತ್ತಾರೆ. 95 ತಲುಪಿದರೂ ಅದಕ್ಕೆ ಕಾಯಿಲೆಯಿಲ್ಲ, ಅಲ್ಲಿ ನಿಂತು ವೇಗ ತಗ್ಗಿಸಿಕೊಳ್ಳುವ ಹಾಗೇ ಕಟ್ಟಿದ್ದಾರೆ. ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಬಯಾಸ್ ಸೆಟ್ಟಿಂಗ್‌ನಲ್ಲಿ ಇಕೋ ಮೋಡ್ ಅಂತ ಒಂದು ಆಯ್ಕೆಯಿದೆ. 105 ವಾಟಿನದನ್ನು ಆರಿಸಿದರೆ ಮಿತಿ 142 ವಾಟಿಗೆ ಇಳಿಯುತ್ತದೆ. ತಮ್ಮನ ಒಂದು ಲಗ್ನದ ಪ್ರಾಜೆಕ್ಟನ್ನು ಎರಡೂ ಥರ ಓಡಿಸಿ ನೋಡಿದೆ. ಮೊದಲು 52 ನಿಮಿಷ, ಇಕೋದಲ್ಲಿ 55. ಆ ಮೂರು ನಿಮಿಷ ಉಳಿಸಲು ₹7,600 ಹೆಚ್ಚು ಕೊಟ್ಟು ರೇಡಿಯೇಟರ್ ತರುವುದು ನನಗೇಕೋ ಹೊಂದಲಿಲ್ಲ.

ಕೊನೆಗೆ ಗೋಪುರವೇ ಎಂದು ತೀರ್ಮಾನಿಸಿದ್ದು ಮಾತ್ರ ದುಡ್ಡಿನಿಂದಲ್ಲ, ಕೆಡುವ ದಿನವನ್ನು ನೆನೆದು. ಗೋಪುರದಲ್ಲಿ ಕೆಡುವ ವಸ್ತು ಫ್ಯಾನು ಒಂದೇ. ಕೆಟ್ಟರೆ ಕಲಬುರಗಿಯ ಯಾವುದಾದರೂ ಕಂಪ್ಯೂಟರ್ ಅಂಗಡಿಯಲ್ಲಿ 120 ಮಿ.ಮೀ. ಫ್ಯಾನು ಸಿಗುತ್ತದೆ, ತಂತಿಯ ಕ್ಲಿಪ್ಪಿನಲ್ಲಿ ಸಿಕ್ಕಿಸಿದರೆ ಮುಗಿಯಿತು. ಒಂದು ನಿಂತರೆ ಇನ್ನೊಂದು ಎಳೆಯುತ್ತದೆ. ಪಂಪು ಕೆಟ್ಟರೆ ಇಡೀ ಸೆಟ್ಟು ಬಿಚ್ಚಿ ಬೇರೆ ಊರಿಗೆ ಕಳಿಸಿ ಕಾಯಬೇಕು. ಬೆಂಗಳೂರಿನಲ್ಲಿರುವ ನನಗೇ 26 ದಿನ ಹಿಡಿದಿತ್ತು. ಅಕ್ಷಯ ತೃತೀಯದ ಹಿಂದಿನ ದಿನ ಪಂಪು ಕೈಕೊಟ್ಟರೆ ಹುಡುಗನ ವರ್ಷದ ದುಡಿಮೆ ಹೋಯಿತು.

ಗೋಪುರಕ್ಕೂ ಅದರದೇ ತಾಪತ್ರಯ ಇದೆ ಅನ್ನುವುದು ಕಂಪ್ಯೂಟರನ್ನು ಕಲಬುರಗಿಗೆ ಒಯ್ಯುವ ರೈಲಿನ ದಿನ ನೆನಪಾಯಿತು. ಕಿಲೋ ತೂಕದ ಲೋಹ ಮದರ್‌ಬೋರ್ಡಿನಿಂದ ಅಡ್ಡಕ್ಕೆ ಜೋತಾಡುತ್ತಿರುವಾಗ ಪೆಟ್ಟಿಗೆಯನ್ನು ರಾತ್ರಿಯಿಡೀ ಕುಲುಕಿಸುವುದು ಬೋರ್ಡಿಗೆ ಒಳ್ಳೆಯದಲ್ಲ. ಲಿಕ್ವಿಡ್ ಆಗಿದ್ದರೆ ಬ್ಲಾಕು ಹಗುರ, ಭಾರವೆಲ್ಲ ಪೆಟ್ಟಿಗೆಯ ಗೋಡೆಗೆ. ನಾನು ಬೆಂಗಳೂರಿನಲ್ಲಿ ಜೋಡಿಸಿ ಪರೀಕ್ಷೆ ಮಾಡಿದ್ದನ್ನು ಮತ್ತೆ ಬಿಚ್ಚಿ, ಗೋಪುರವನ್ನು ಟವೆಲ್ಲಿನಲ್ಲಿ ಸುತ್ತಿ ಹೆಗಲಚೀಲಕ್ಕೆ ಹಾಕಿಕೊಂಡೆ. ಪೆಟ್ಟಿಗೆ ಸೀಟಿನ ಕೆಳಗೆ. ಎತ್ತರದ ತಕರಾರು ಇನ್ನೊಂದು. ಕೊಂಡ ಪೆಟ್ಟಿಗೆಯಲ್ಲಿ 160 ಮಿ.ಮೀ. ತನಕ ಜಾಗ. ಹೆಸರುವಾಸಿ ನಾಕ್ಟುವಾ ಎನ್‌ಎಚ್-ಡಿ15 165 ಮಿ.ಮೀ., ಬಾಗಿಲು ಮುಚ್ಚುತ್ತಿರಲಿಲ್ಲ. ನಾನು ತಂದದ್ದು 155. ಈ ಐದು ಹತ್ತು ಮಿಲಿಮೀಟರ್ ನೋಡದೆ ಕೊಂಡು ಗಾಜಿನ ಬಾಗಿಲು ಬಿಚ್ಚಿಟ್ಟೇ ಬದುಕುವವರು ನನಗೆ ಗೊತ್ತು.

ಪಡಸಾಲೆಯಲ್ಲಿ, ಪ್ರೊಸೆಸರಿನಿಂದ ಗೋಪುರದ ಬುಡಕ್ಕೆ ಶಾಖ ದಾಟಿಸುವ ಪೇಸ್ಟ್ ಹಚ್ಚುವ ಕೆಲಸ ತಮ್ಮನಿಗೇ ಕೊಟ್ಟೆ. "ಎಷ್ಟು ಹಾಕ್ಲಿ ಅಣ್ಣಾ?" ಅಂದ. ತೊಗರಿಯ ಊರಲ್ಲಿ ಅಳತೆಗೆ ಬರವೇ? ನಡುವೆ ಒಂದು ತೊಗರಿಕಾಳಿನಷ್ಟು, ನಾಲ್ಕು ಮೂಲೆಗೆ ಎಳ್ಳಿನಷ್ಟು ಎಂದೆ. ಗೋಪುರದ ಬುಡಕ್ಕೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಅವನು ಮರೆತೇ ಇಡಲು ಹೊರಟಿದ್ದ. ಎಲ್ಲರೂ ಮರೆಯುತ್ತಾರೆ. ಎರಡೂ ಕಡೆಯ ಸ್ಕ್ರೂಗಳನ್ನು ಒಂದೊಂದು ಸುತ್ತು, ಅದಲು ಬದಲಾಗಿ ಬಿಗಿಮಾಡಿಸಿದೆ. ಮುಂದಿನ ಫ್ಯಾನು ರ‍್ಯಾಮ್‌ಗೆ ತಾಗಿತು, ಅರ್ಧ ಇಂಚು ಮೇಲಕ್ಕೆ ಏರಿಸಿ ಸಿಕ್ಕಿಸಿದೆವು. ಬಾಗಿಲು ಕೂದಲೆಳೆ ಬಿಟ್ಟು ಮುಚ್ಚಿಕೊಂಡಿತು.

ಧೂಳಿನ ಮಾತೂ ಅವನಿಗೆ ಅವತ್ತೇ ಹೇಳಿದೆ. ಅಲ್ಲಿಯದು ಕರಿ ಮಣ್ಣು, ರಾಶಿ ಕಾಲದಲ್ಲಿ ತೊಗರಿಯ ಹೊಟ್ಟೂ ಸೇರುತ್ತದೆ. ಗೋಪುರದ ತಗಡುಗಳ ನಡುವೆ ಬಣ್ಣದ ಬ್ರಶ್ಶು ಆಡಿಸಿ ಬ್ಲೋವರ್ ಹಿಡಿದರೆ ಹೋಗುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನು ತಿರುಗದಂತೆ ಬೆರಳಿಟ್ಟುಕೊಳ್ಳಬೇಕು. ರೇಡಿಯೇಟರಿನ ತಗಡುಗಳು ಒತ್ತೊತ್ತಾಗಿರುತ್ತವೆ, ಧೂಳು ಫ್ಯಾನಿಗೂ ಅದಕ್ಕೂ ನಡುವೆ ಕಂಬಳಿಯ ಹಾಗೆ ಕೂರುತ್ತದೆ. ಹನ್ನೆರಡು ಸ್ಕ್ರೂ ಬಿಚ್ಚದೆ ಕಾಣುವುದೂ ಇಲ್ಲ.

ಎಲ್ಲ ಮುಗಿದು ರೆಂಡರಿಗೆ ಹಚ್ಚಿದಾಗ ಮಧ್ಯಾಹ್ನ ಎರಡು. ಗೋಡೆಯ ಥರ್ಮಾಮೀಟರ್ 39. ಇಕೋ ಮೋಡಿನಲ್ಲಿ ಪ್ರೊಸೆಸರ್ 85ರ ಹತ್ತಿರ ನಿಂತಿತು. ಬೆಂಗಳೂರಿನಲ್ಲಿ ಇದೇ ಗೋಪುರ, ಇದೇ ಕೆಲಸಕ್ಕೆ 71 ಕೊಟ್ಟಿತ್ತು. ಗ್ರಾಫಿಕ್ಸ್ ಕಾರ್ಡಿನ 170 ವಾಟೂ ಸೇರಿ ಮುನ್ನೂರು ಚಿಲ್ಲರೆ ವಾಟ್ ಅದೇ ಕೋಣೆಗೆ ಸುರಿಯುತ್ತಿತ್ತು, ಮೂರು ಆಳು ಹೆಚ್ಚಿಗೆ ಬಂದು ಕೂತ ಲೆಕ್ಕ. 360ರ ರೇಡಿಯೇಟರ್ ಹಾಕಿದ್ದರೆ ಇನ್ನೊಂದು ನಾಲ್ಕೈದು ಡಿಗ್ರಿ ಕಡಿಮೆ ಇರುತ್ತಿತ್ತೇನೋ ಎಂದು ಒಳಗೊಳಗೇ ಚುಚ್ಚಿತು. ಸುಳ್ಳು ಹೇಳಲಾರೆ.

ಆಗ ಕಾಕಾ ನಿದ್ದೆಯಿಂದ ಎದ್ದು ಬಂದರು. "ಏನ್ ಉರೀಲಿಕತ್ತದಪಾ ಇಲ್ಲಿ" ಎಂದು ಗೊಣಗಿ, ಕಿಟಕಿಯ ಕೂಲರಿಗೆ ಎರಡು ಕೊಡ ನೀರು ಸುರಿದು ಸ್ವಿಚ್ ಹಾಕಿದರು. ಹುಲ್ಲು ನೆನೆದ ವಾಸನೆ ಬಂತು. ಅರ್ಧ ಗಂಟೆಯಲ್ಲಿ ಗೋಡೆಯ ಥರ್ಮಾಮೀಟರ್ 30ಕ್ಕೆ ಇಳಿಯಿತು, ಪ್ರೊಸೆಸರ್ 76ಕ್ಕೆ. ನಾನು ಎರಡು ತಿಂಗಳು ಪಟ್ಟಿ ಓದಿ, ಲೆಕ್ಕ ಹಾಕಿ, ನಾಲ್ಕೈದು ಡಿಗ್ರಿಗೆ ತಲೆ ಕೆಡಿಸಿಕೊಂಡಿದ್ದೆ. ಕಾಕಾ ಲುಂಗಿ ಎತ್ತಿ ಕಟ್ಟಿ ಒಂಬತ್ತು ಡಿಗ್ರಿ ಇಳಿಸಿದರು. ಕಲಬುರಗಿಯ ಒಣ ಗಾಳಿಯಲ್ಲಿ ನೀರು ಬೇಗ ಆವಿಯಾಗುತ್ತದೆ, ಅದರ ಪ್ರತಾಪ ಅದು. ಮಂಗಳೂರಿನಲ್ಲಿ ಇದೇ ಡಬ್ಬ ಇಟ್ಟರೆ ಬಟ್ಟೆ ಒದ್ದೆಯಾದೀತೇ ಹೊರತು ಕೋಣೆ ತಣ್ಣಗಾಗದು.

ಒಂದು ಎಚ್ಚರಿಕೆ ಮಾತ್ರ ಕೊಟ್ಟು ಬಂದೆ. ಬೋರಿನ ನೀರು ಸವಳು, ಹುಲ್ಲಿನ ಪ್ಯಾಡೆಲ್ಲ ಬೆಳ್ಳಗೆ ಗಟ್ಟಿಯಾಗಿತ್ತು. ಆ ತುಂತುರು ನೇರ ಪೆಟ್ಟಿಗೆಯ ಒಳಗೆ ಹೋಗಬಾರದು. ಕಂಪ್ಯೂಟರನ್ನು ಕಿಟಕಿ ಕೂಲರಿನ ಎದುರಿನಿಂದ ಎತ್ತಿ ಮಗ್ಗುಲಿನ ಗೋಡೆಗೆ ಸರಿಸಿ, ಬಿಸಿ ಗಾಳಿ ಹೋಗಲು ಹಿಂದಿನ ಬಾಗಿಲು ತೆಗೆದಿಡಲು ಹೇಳಿದೆ.

ಮೇ ಎರಡನೇ ವಾರ ತಮ್ಮ ಫೋನ್ ಮಾಡಿದ. "ಅಣ್ಣಾ, 88 ತೋರ್ಸಲಿಕತ್ತದ. ಪೇಸ್ಟ್ ಮತ್ತ ಹಚ್ಲೇನು?"

"ಫ್ಯಾನ್ ಎರಡೂ ತಿರಗ್ತಾವೇನು ನೋಡು."

"ತಿರಗ್ತಾವ."

"ಕಿಟಕಿ ಕೂಲರಿನ್ಯಾಗ ನೀರ್ ಅದ ಏನು?"

ಎದ್ದು ಹೋದ ಸದ್ದು. ತಗಡಿನ ಮೇಲೆ ಬೆರಳು ಬಡಿದ ಸದ್ದು, ಖಾಲಿ ಡಬ್ಬದ ದನಿ. ಹಿಂದಿನಿಂದ ಕಾಕಾ ಕೂಗಿದರು: "ನಳ ನಾಳೆ ಬರೂದೈತಿ ಅನ್ನು ಅವಂಗ. ಅದೇನ್ ರೆಂಡರ್ ಅಂತೀರಲ್ಲ, ರಾತ್ರಿಗಿ ಹಚ್ಚಂತ ಹೇಳಲಿ."